ಲ್ಯಾಕ್ಸಿ ಚಕ್ರ ನೀರು ಮೊಗೆಯುವುದಿಲ್ಲ

ಬ್ರಿಟನ್, ಐರ್ಲೆಂಡ್ ನಡುವಿನ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಗಣಿಯ ನೀರು ತೆಗೆಯಲು ಕಟ್ಟಿದ ದೈತ್ಯ ನೀರಿನ ಚಕ್ರ, ಲ್ಯಾಕ್ಸಿ ಚಕ್ರ. ಅದರ ಚಿತ್ರ ನೋಡಿದವರದು ಒಂದೇ ಪ್ರಶ್ನೆ: "ಇದು ಗಣಿಯ ನೀರನ್ನು ಮೊಗೆದು ಮೇಲೆ ಸುರಿಯುತ್ತೆ, ಅಲ್ವಾ?" ಅಲ್ಲ. ಅದು ಗಣಿಯ ಪಂಪುಗಳನ್ನು ಆಡಿಸುತ್ತಿತ್ತು, ಅಷ್ಟೇ. ಎಂಜಿನಿಯರಿಂಗ್ ಓದಿದವರೂ ಇದನ್ನೇ ಕೇಳುತ್ತಾರೆ, ಅದಕ್ಕೇ ಬಿಡಿಸಿ ಹೇಳಬೇಕಾಗಿದೆ.

ಚಕ್ರಕ್ಕೆ ಬೀಳುವ ನೀರು ಬೇರೆ, ಗಣಿಯಿಂದ ಮೇಲೆ ಬರುತ್ತಿದ್ದ ನೀರು ಬೇರೆ. ಮೊದಲನೆಯದು ದುಡಿಯುವ ಎತ್ತು, ಎರಡನೆಯದು ಗಾಡಿಯ ಹೊರೆ.

ಸುತ್ತಲಿನ ಒರತೆ, ತೊರೆಗಳ ನೀರನ್ನು ಚಕ್ರದ ನೆತ್ತಿಗಿಂತ ಎತ್ತರದ ತೊಟ್ಟಿಯಲ್ಲಿ ಕೂಡಿಸಿ, ಮುಚ್ಚಿದ ಕೊಳವೆಯಲ್ಲಿ ತರುತ್ತಾರೆ. ಚಕ್ರದ ಪಕ್ಕದ ಗೋಪುರದಲ್ಲಿ ಆ ನೀರು ಪಂಪಿಲ್ಲದೆ ತಾನೇ ಏರುತ್ತದೆ. ಮೇಸ್ತ್ರಿಗಳು ಲೆವೆಲ್ ನೋಡುವ ಪೈಪನ್ನು ನೆನೆಯಿರಿ: ನಡುವೆ ಎಷ್ಟು ಜೋತುಬಿದ್ದರೂ ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಗೋಪುರದ ತುದಿ ತೊಟ್ಟಿಗಿಂತ ತಗ್ಗು. ಹಾಗಾಗಿ ಇಲ್ಲಿ ನಿಲ್ಲದೆ ಸುರಿಯುತ್ತದೆ.

ಸುರಿಯುವುದು 168 ಮರದ ಬಕೆಟ್ಟುಗಳಿಗೆ, ಒಂದೊಂದಕ್ಕೆ 24 ಗ್ಯಾಲನ್, ಅಂದರೆ ಸುಮಾರು 109 ಲೀಟರ್. ಚಕ್ರವನ್ನು ತಿರುಗಿಸುವುದು ನೀರಿನ ಹೊಡೆತವಲ್ಲ, ಒಂದು ಬದಿಯಲ್ಲಿ ತುಂಬಿದ ಬಕೆಟ್ಟುಗಳ ತೂಕ. ನೀರು ಹಿಂಬದಿಗೆ ಬೀಳುವುದರಿಂದ ಚಕ್ರ, ನೀರು ಬಂದ ದಿಕ್ಕಿಗೆ ವಿರುದ್ಧವಾಗಿ ಸುತ್ತುತ್ತದೆ. ವ್ಯಾಸ 72 ಅಡಿ 6 ಇಂಚು. ನಿಮಿಷಕ್ಕೆ ಹೆಚ್ಚೆಂದರೆ ಮೂರು ಸುತ್ತು. "ಇಷ್ಟು ನಿಧಾನವಾ?" ಎನ್ನಬೇಡಿ. ಇಲ್ಲಿ ಬೇಕಿದ್ದುದು ವೇಗವಲ್ಲ, ಬಲ.

ರಾಬರ್ಟ್ ಕೇಸ್‌ಮೆಂಟ್ ವಿನ್ಯಾಸ ಮಾಡಿದ ಇದು 1854ರಲ್ಲಿ ಚಾಲೂ ಆಯಿತು. ಆಗಿನ ಲೆಫ್ಟಿನೆಂಟ್ ಗವರ್ನರ್ ಚಾರ್ಲ್ಸ್ ಹೋಪ್ ಅವರ ಪತ್ನಿಯ ಹೆಸರಲ್ಲೇ ಈ ಚಕ್ರವನ್ನು 'ಲೇಡಿ ಇಸಬೆಲ್ಲಾ' ಎನ್ನುತ್ತಾರೆ. ಉಗಿ ಎಂಜಿನ್ ಯಾಕಿಲ್ಲ? ದ್ವೀಪದಲ್ಲಿ ಕಲ್ಲಿದ್ದಲಿಲ್ಲ, ಹರಿಯುವ ನೀರು ಧಾರಾಳ.

ಇನ್ನು ಬಲ ಗಣಿಗೆ ತಲುಪುವ ಬಗೆ. ಚಕ್ರದ ಅಚ್ಚಿನ ತುದಿಯ ಕ್ರ್ಯಾಂಕ್ (ಅಚ್ಚಿನೊಂದಿಗೆ ಸುತ್ತುವ ತೋಳು), ಉದ್ದನೆಯ ದಂಡವೊಂದನ್ನು ಹಿಂದೆ ಮುಂದೆ ಎಳೆಯುತ್ತದೆ. ಕಮಾನುಗಳ ಸಾಲಿನ ಮೇಲೆ, ಪುಟ್ಟ ಗಾಲಿಗಳ ಮೇಲೆ ಓಡುವ ಈ ದಂಡ ದೂರದ ಗಣಿಬಾವಿ ಮುಟ್ಟುತ್ತದೆ. ಗಾಲಿಗಳ ಆಸರೆಯಿಲ್ಲದಿದ್ದರೆ ದಂಡ ತನ್ನ ಭಾರಕ್ಕೇ ಜೋತುಬೀಳುತ್ತಿತ್ತು. ಅಲ್ಲಿ ಇಂಗ್ಲಿಷಿನ ಟಿ ಅಕ್ಷರದಂಥ ಸನ್ನೆಗೋಲು, ಅಡ್ಡ ಚಲನೆಯನ್ನು ಮೇಲೆ ಕೆಳಗಿನ ಚಲನೆಯಾಗಿ ತಿರುಗಿಸಿ ಪಂಪುಗಳನ್ನು ಆಡಿಸುತ್ತಿತ್ತು. 1,500 ಅಡಿ ಆಳದಿಂದ ನಿಮಿಷಕ್ಕೆ 250 ಗ್ಯಾಲನ್ ನೀರು ಹೊರಬರುತ್ತಿತ್ತು ಎಂಬುದು ಪ್ರಚಲಿತ ಲೆಕ್ಕ; ತೊರೆ ಬತ್ತಿದ ದಿನ ಆ ಲೆಕ್ಕ ನಿಲ್ಲದು.

ಇಂಥ ದಂಡ ಎಳೆತಕ್ಕೆ ಗಟ್ಟಿ, ನೂಕಿದರೆ ಬಾಗುತ್ತದೆ. ಅದಕ್ಕೇ ಈ ಬಗೆಯ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಚಕ್ರದ ಕೆಲಸ ಎಳೆಯುವುದಷ್ಟೇ. ದಂಡವನ್ನು ಮತ್ತೆ ಗಣಿಯತ್ತ ಒಯ್ಯುವುದು ಬಾವಿಯೊಳಗೆ ಇಳಿಬಿದ್ದ ಪಂಪುದಂಡದ ಭಾರ.