ಕಾಲೇಜು ಐಸ್ ಹಾಕಿಯಲ್ಲಿ ಯಾರು ಆಡಬೇಕು? 1948ರಿಂದ ನಡೆದು ಬಂದ ಜಗಳ

2025ರ ಜುಲೈನಲ್ಲಿ ಗ್ಯಾವಿನ್ ಮೆಕೆನ್ನಾ ಎಂಬ 17 ವರ್ಷದ ಹುಡುಗ ತಾನು ಯಾವ ಕಾಲೇಜಿಗೆ ಸೇರುತ್ತೇನೆ ಅಂತ ಅಮೆರಿಕದ ಇಎಸ್‌ಪಿಎನ್ ಚಾನೆಲ್‌ನಲ್ಲಿ ಹೇಳಿದ. ಅವನ ಊರು ಕೆನಡಾದ ಯೂಕಾನ್ ಪ್ರದೇಶದ ವೈಟ್‌ಹಾರ್ಸ್. ಅಲ್ಲಿಯವರೆಗೆ ಆಡಿದ್ದು ಮೆಡಿಸಿನ್ ಹ್ಯಾಟ್ ಟೈಗರ್ಸ್ ಎಂಬ ಜೂನಿಯರ್ ತಂಡಕ್ಕೆ. ಆರಿಸಿಕೊಂಡದ್ದು ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯ. ಒಬ್ಬ ಹುಡುಗ ಕಾಲೇಜು ಸೇರೋದು ಟಿವಿ ಸುದ್ದಿ ಯಾಕಾಯಿತು? ಒಂದೇ ವರ್ಷ ಮುಂಚೆ ಆಗಿದ್ದರೆ ಅವನಿಗೆ ಆ ಬಾಗಿಲು ಪೂರ್ತಿ ಮುಚ್ಚಿತ್ತು.

ಕೆನಡಾದಲ್ಲಿ ಮೂರು ದೊಡ್ಡ ಜೂನಿಯರ್ ಲೀಗ್‌ಗಳಿವೆ. ಮೂರೂ ಸೇರಿ ಸಿಎಚ್‌ಎಲ್. ಅಲ್ಲಿನ ಹುಡುಗರಿಗೆ ಕೈಖರ್ಚಿಗೆ ಸ್ವಲ್ಪ ಹಣ ಕೊಡುತ್ತಾರೆ. ಕೆಲವರು ಉತ್ತರ ಅಮೆರಿಕದ ದೊಡ್ಡ ವೃತ್ತಿ ಲೀಗ್ ಆದ ಎನ್‌ಎಚ್‌ಎಲ್‌ನ ತಂಡಗಳ ಜೊತೆ ಒಪ್ಪಂದಕ್ಕೂ ಸಹಿ ಹಾಕಿರುತ್ತಾರೆ. ಹಾಗಾಗಿ ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಅವರೆಲ್ಲರನ್ನೂ ವೃತ್ತಿ ಆಟಗಾರರು ಅಂತ ಲೆಕ್ಕ ಹಾಕಿ ಹೊರಗಿಟ್ಟಿತ್ತು. 2024ರ ನವೆಂಬರ್‌ನಲ್ಲಿ ಅದು ಈ ತಡೆಯನ್ನು ತೆಗೆಯಿತು. 2025ರ ಆಗಸ್ಟ್ 1ರಿಂದ ಹೊಸ ನಿಯಮ ಜಾರಿಗೆ ಬಂತು.

ಇದು ಹೊಸ ಜಗಳ ಅನ್ನಿಸಬಹುದು. ನಿಜಕ್ಕೂ ಇದು ಕಾಲೇಜು ಹಾಕಿಯ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಎನ್‌ಸಿಎಎ ಟೂರ್ನಿಯಷ್ಟೇ ಹಳೆಯದು. ಕಾಲೇಜು ಹಾಕಿಯಲ್ಲಿ ಜನ ಇವತ್ತಿಗೂ ನೆನೆಯುವ ಪಂದ್ಯಗಳನ್ನು ಒಂದೊಂದಾಗಿ ತೆಗೆದು ನೋಡಿ. ಹೆಚ್ಚಿನವುಗಳ ಹಿಂದೆ ಒಂದೇ ಪ್ರಶ್ನೆ ಇದೆ: ಯಾರು ಬರಬಹುದು, ಎಲ್ಲಿಂದ ಬರಬಹುದು, ಎಷ್ಟು ವಯಸ್ಸಿಗೆ ಬರಬಹುದು?

ಮೊದಲ ಟೂರ್ನಿ ನಡೆದದ್ದು 1948ರಲ್ಲಿ, ಕೊಲರಾಡೊ ಸ್ಪ್ರಿಂಗ್ಸ್‌ನ ಬ್ರಾಡ್‌ಮೂರ್ ಹೋಟೆಲಿನ ಐಸ್ ಅಂಗಳದಲ್ಲಿ. ಇದ್ದದ್ದು ನಾಲ್ಕೇ ತಂಡ: ಮಿಷಿಗನ್, ಡಾರ್ಟ್‌ಮತ್, ಕೊಲರಾಡೊ ಕಾಲೇಜ್ ಮತ್ತು ಬೋಸ್ಟನ್ ಕಾಲೇಜ್. ಫೈನಲ್‌ನಲ್ಲಿ ಮಿಷಿಗನ್ 8-4ರಿಂದ ಡಾರ್ಟ್‌ಮತ್ತನ್ನು ಸೋಲಿಸಿತು. ಮುಂದಿನ ಒಂಬತ್ತು ವರ್ಷವೂ ಟೂರ್ನಿ ಅಲ್ಲೇ ನಡೆಯಿತು. ಆ ಹತ್ತು ಟೂರ್ನಿಗಳಲ್ಲಿ ಎಂಟು ಪಶ್ಚಿಮದ ತಂಡಗಳ ಪಾಲಾದವು. ಅದರಲ್ಲಿ ಆರು ಮಿಷಿಗನ್ ಒಂದಕ್ಕೇ. ಕೋಚ್ ವಿಕ್ ಹೇಲಿಗರ್.

ಮಿಷಿಗನ್ ಗೆಲ್ಲಲು ದೊಡ್ಡ ಕಾರಣ ಕೆನಡಾದ ಆಟಗಾರರು. ಆಗ ಎನ್‌ಎಚ್‌ಎಲ್‌ನಲ್ಲಿ ಇದ್ದದ್ದು ಆರೇ ತಂಡ. ಕೆನಡಾದಲ್ಲಿ ಚೆನ್ನಾಗಿ ಆಡುವ ಹುಡುಗರು ನೂರಾರು. ಜೂನಿಯರ್ ಹಾಕಿ ಮುಗಿಸಿದ ಮೇಲೆ ಅವರಲ್ಲಿ ಬಹುಪಾಲು ಜನಕ್ಕೆ ದಾರಿಯೇ ಇರಲಿಲ್ಲ. ಅಮೆರಿಕದ ಕಾಲೇಜು ಓದನ್ನೂ ಕೊಡುತ್ತಿತ್ತು, ಆಟವನ್ನೂ ಕೊಡುತ್ತಿತ್ತು. ಅವರು 20, 21 ವಯಸ್ಸಿಗೆ ಬಂದು ಸೇರುತ್ತಿದ್ದರು. ಎದುರಿಗೆ ಇರುತ್ತಿದ್ದದ್ದು ಆಗಷ್ಟೇ ಹೈಸ್ಕೂಲ್ ಮುಗಿಸಿದ 18ರ ಅಮೆರಿಕನ್ ಹುಡುಗ. ಈ ಆಟದಲ್ಲಿ ಮೈಮೇಲೆ ಬಿದ್ದು ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಕಸಿಯುತ್ತಾರೆ. ಅಲ್ಲಿ ಮೂರು ವರ್ಷದ ಅಂತರ ಸಣ್ಣದಲ್ಲ.

ಇದನ್ನು ಎಲ್ಲರಿಗಿಂತ ಜೋರಾಗಿ ಹೇಳಿದವರು ಜಾನ್ ಮರಿಯೂಚಿ. ಮಿನ್ನೆಸೋಟಾದ ಕಬ್ಬಿಣದ ಗಣಿಗಳ ಊರು ಎವೆಲೆತ್ ಅವರದು. ಇಟಲಿಯಿಂದ ವಲಸೆ ಬಂದವರ ಮಗ. ಎನ್‌ಎಚ್‌ಎಲ್‌ನಲ್ಲಿ ಅಮೆರಿಕದವರು ತೀರಾ ಕಡಿಮೆ ಇದ್ದ ಕಾಲದಲ್ಲಿ ಶಿಕಾಗೊ ತಂಡಕ್ಕೆ ಆಡಿದವರು. 1952ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದ ಕೋಚ್ ಆದರು. ಅವರ ಮಾತು ನೇರ: ರಾಜ್ಯದ ತೆರಿಗೆ ಹಣದಲ್ಲಿ ನಡೆಯುವ ವಿಶ್ವವಿದ್ಯಾಲಯದ ತಂಡದಲ್ಲಿ ನಮ್ಮೂರ ಹುಡುಗರಿಗೆ ಜಾಗ ಸಿಗದಿದ್ದರೆ ಅವರು ಎಲ್ಲಿಗೆ ಹೋಗಬೇಕು? ರಣಜಿ ತಂಡಕ್ಕೆ ಹೊರರಾಜ್ಯದವರನ್ನು ಕರೆದಾಗ ನಾವು ಕೇಳುವ ಪ್ರಶ್ನೆಯೂ ಇದೇ ಅಲ್ವಾ.

ಮರಿಯೂಚಿಯ ಅತಿ ಒಳ್ಳೆಯ ಅವಕಾಶ ಬಂದದ್ದು 1954ರಲ್ಲಿ. ತಂಡದಲ್ಲಿ ಎವೆಲೆತ್‌ನವರೇ ಆದ ಜಾನ್ ಮಯಾಸಿಚ್ ಇದ್ದರು. ಸೆಮಿಫೈನಲ್‌ನಲ್ಲಿ ಬೋಸ್ಟನ್ ಕಾಲೇಜನ್ನು 14-1ರಿಂದ ಹೊಸಕಿ ಹಾಕಿದ್ದರು. ಫೈನಲ್ ಗೆದ್ದಾಯಿತು ಅಂತಲೇ ಜನ ಅಂದುಕೊಂಡಿದ್ದರು. ಎದುರಾಳಿ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಪಟ್ಟಣದ ಆರ್‌ಪಿಐ, ಒಂದು ಎಂಜಿನಿಯರಿಂಗ್ ಕಾಲೇಜು. ಅದರ ಕೋಚ್ ನೆಡ್ ಹಾರ್ಕ್‌ನೆಸ್ ಹುಟ್ಟಿದ್ದು ಕೆನಡಾದ ಒಟ್ಟಾವಾದಲ್ಲಿ. ತಂಡದ ದೊಡ್ಡ ಆಟಗಾರರೂ ಕೆನಡಾದವರೇ. ಪಂದ್ಯ 4-4ಕ್ಕೆ ನಿಂತು ಓವರ್‌ಟೈಮ್‌ಗೆ ಹೋಯಿತು. ಐಸ್ ಹಾಕಿಯ ಓವರ್‌ಟೈಮ್‌ನಲ್ಲಿ ಮೊದಲ ಗೋಲು ಬಿದ್ದ ಕ್ಷಣಕ್ಕೆ ಆಟ ಮುಗಿಯುತ್ತದೆ. ಜೀನೊ ಕೊವಾಚ್ ಆ ಗೋಲು ಹೊಡೆದರು. ಆರ್‌ಪಿಐ ಚಾಂಪಿಯನ್. ಮರಿಯೂಚಿಗೆ ಕೋಚ್ ಆಗಿ ಪ್ರಶಸ್ತಿ ಕೊನೆಗೂ ಸಿಗಲಿಲ್ಲ.

ಜಗಳ ದೊಡ್ಡದಾದದ್ದು ಡೆನ್ವರ್ ಬಂದಾಗ. ಅಲ್ಲಿನ ಕೋಚ್ ಮರ್ರಿ ಆರ್ಮ್‌ಸ್ಟ್ರಾಂಗ್ ಕೆನಡಾದ ಸಸ್ಕಾಚೆವಾನ್‌ನವರು. ಆಟಗಾರರನ್ನೂ ಅಲ್ಲಿಂದಲೇ ಕರೆತಂದರು. 1958ರಲ್ಲಿ ಮಿನ್ನೆಸೋಟಾ ಮತ್ತು ಮಿಷಿಗನ್ ರಾಜ್ಯದ ಮೂರು ತಂಡಗಳು ಡೆನ್ವರ್ ಜೊತೆ ಆಡುತ್ತಿದ್ದ ಲೀಗನ್ನು ಸಿಟ್ಟಿನಿಂದ ಬಿಟ್ಟು ಹೊರಬಂದವು. ಲೀಗ್ ಮುರಿದುಬಿತ್ತು. ಅದೇ ವರ್ಷ ಟೂರ್ನಿ ಮೊದಲ ಸಲ ಬ್ರಾಡ್‌ಮೂರ್ ಬಿಟ್ಟು ಮಿನ್ನಿಯಾಪೊಲಿಸ್‌ಗೆ, ಅಂದರೆ ಮರಿಯೂಚಿಯ ಅಂಗಳಕ್ಕೇ ಬಂತು. ಅಲ್ಲಿ ಕಪ್ ಎತ್ತಿದ್ದು ಡೆನ್ವರ್. ಮುಂದೆ ಹೊಸ ಲೀಗ್ ಹುಟ್ಟಿತು. ಆದರೂ ಮಿನ್ನೆಸೋಟಾ ಹಲವು ವರ್ಷ ಡೆನ್ವರ್ ಜೊತೆ ಪಂದ್ಯ ಇಟ್ಟುಕೊಳ್ಳಲಿಲ್ಲ. 1961ರ ಫೈನಲ್‌ನಲ್ಲಿ ಡೆನ್ವರ್ ಸೇಂಟ್ ಲಾರೆನ್ಸ್ ತಂಡವನ್ನು 12-2ರಿಂದ ಸೋಲಿಸಿತು. ಅವತ್ತು ಟೂರ್ನಿಯ ಶ್ರೇಷ್ಠ ಆಟಗಾರ ಎನಿಸಿಕೊಂಡ ವಿನಿಪೆಗ್‌ನ ಬಿಲ್ ಮ್ಯಾಸ್ಟರ್‌ಟನ್ 1968ರಲ್ಲಿ ಎನ್‌ಎಚ್‌ಎಲ್ ಪಂದ್ಯವೊಂದರಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಎನ್‌ಎಚ್‌ಎಲ್ ಇವತ್ತಿಗೂ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ.

ಕೆನಡಾದವರು ಬಂದದ್ದರಿಂದ ಆಟ ಕೆಟ್ಟಿತು ಅನ್ನೋದನ್ನು ನಾನು ಒಪ್ಪುವುದಿಲ್ಲ. ಕೆನ್ ಡ್ರೈಡನ್ ಅವರನ್ನು ನೋಡಿ. 1964ರಲ್ಲಿ ಬೋಸ್ಟನ್‌ನ ಎನ್‌ಎಚ್‌ಎಲ್ ತಂಡ ಅವರನ್ನು ಆರಿಸಿತ್ತು. ಅವರು ಓದಬೇಕು ಅಂತ ಕಾರ್ನೆಲ್‌ಗೆ ಹೋದರು. ಗೋಲ್‌ಕೀಪರ್ ಆಗಿ ಕಾಲೇಜಿನಲ್ಲಿ 76 ಪಂದ್ಯ ಗೆದ್ದರು, ಸೋತದ್ದು ನಾಲ್ಕೇ. 1967ರಲ್ಲಿ ಕಾರ್ನೆಲ್‌ಗೆ ಮೊದಲ ಪ್ರಶಸ್ತಿ ತಂದುಕೊಟ್ಟರು. ಆಮೇಲೆ ಮಾಂಟ್ರಿಯಲ್ ಜೊತೆ ಆರು ಸ್ಟಾನ್ಲಿ ಕಪ್ (ಎನ್‌ಎಚ್‌ಎಲ್ ಚಾಂಪಿಯನ್‌ಗೆ ಸಿಗುವ ಕಪ್), ವಕೀಲಿಕೆ, ಬರವಣಿಗೆ, ಕೆನಡಾದ ಸಂಸತ್ತು, ಮಂತ್ರಿ ಪದವಿ. 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಕಾಲೇಜು ಹಾಕಿ ಇರೋದೇ ಇಂಥವರಿಗಾಗಿ ಅಂತ ನನಗೆ ಅನಿಸುತ್ತದೆ.

ಕಾರ್ನೆಲ್‌ನ ಕೋಚ್ ಯಾರು ಗೊತ್ತಾ? ಆರ್‌ಪಿಐ ಬಿಟ್ಟು ಬಂದಿದ್ದ ಅದೇ ಹಾರ್ಕ್‌ನೆಸ್. ಡ್ರೈಡನ್ ಹೋದ ಮುಂದಿನ ವರ್ಷ, 1970ರಲ್ಲಿ, ಕಾರ್ನೆಲ್ 29 ಪಂದ್ಯ ಆಡಿ 29ನ್ನೂ ಗೆದ್ದಿತು. ಲೇಕ್ ಪ್ಲಾಸಿಡ್‌ನ ಫೈನಲ್‌ನಲ್ಲಿ ಕ್ಲಾರ್ಕ್‌ಸನ್ ಗಟ್ಟಿಯಾಗಿ ನಿಂತಿತ್ತು. ಕೊನೆಯ ಪೀರಿಯಡ್‌ನಲ್ಲಿ ಡ್ಯಾನ್ ಲೊಡ್‌ಬೋವಾ ಒಬ್ಬರೇ ಸಾಲಾಗಿ ಮೂರು ಗೋಲು ಹೊಡೆದರು. ಅವರು ರಕ್ಷಣೆಯ ಆಟಗಾರ! 6-4. ಒಂದೂ ಸೋಲು, ಒಂದೂ ಡ್ರಾ ಇಲ್ಲದೆ ಪುರುಷರ ಪ್ರಶಸ್ತಿ ಗೆದ್ದ ತಂಡ ಮತ್ತೊಂದು ಬಂದಿಲ್ಲ.

ಇಷ್ಟರಲ್ಲಿ ಎನ್‌ಸಿಎಎ ನಿಯಮ ಬಿಗಿ ಮಾಡಿತ್ತು. ಕೆನಡಾದ ಜೂನಿಯರ್ ಕ್ಲಬ್‌ನಿಂದ ಊಟ, ವಸತಿ ಪಡೆದವರಿಗೂ ಬಾಗಿಲು ಮುಚ್ಚಿತು. 1973ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ಇಬ್ಬರು ಕೆನಡಾದ ಆಟಗಾರರು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಅಮೆರಿಕದ ಹುಡುಗನಿಗೆ ಶಾಲೆಯೇ ಊಟ, ವಸತಿ ಕೊಟ್ಟರೆ ತಪ್ಪಲ್ಲ, ಕೆನಡಾದವನಿಗೆ ಕ್ಲಬ್ ಕೊಟ್ಟರೆ ತಪ್ಪು ಅನ್ನೋದು ಯಾವ ನ್ಯಾಯ? ನಿಯಮದ ಹುಳುಕು ಇದ್ದದ್ದು ಇಲ್ಲೇ. ಅದೇ ವರ್ಷ ಫೈನಲ್‌ನಲ್ಲಿ ವಿಸ್ಕಾನ್ಸಿನ್‌ಗೆ ಸೋತಿದ್ದ ಡೆನ್ವರ್‌ನ ಎರಡನೇ ಸ್ಥಾನವನ್ನು ಎನ್‌ಸಿಎಎ ಆಮೇಲೆ ದಾಖಲೆಯಿಂದ ಅಳಿಸಿತು.

ಮರಿಯೂಚಿಯ ಕನಸನ್ನು ನಿಜ ಮಾಡಿದ್ದು ಅವರ ಕೈಕೆಳಗೆ ಆಡಿದ್ದ ಹರ್ಬ್ ಬ್ರೂಕ್ಸ್. ಮುಖ್ಯವಾಗಿ ಮಿನ್ನೆಸೋಟಾದಲ್ಲೇ ಬೆಳೆದ ಹುಡುಗರನ್ನು ಕಟ್ಟಿಕೊಂಡು 1974, 1976, 1979ರಲ್ಲಿ ಮೂರು ಪ್ರಶಸ್ತಿ ಗೆದ್ದರು. 1979ರ ಫೈನಲ್ ಇವತ್ತಿಗೂ ಆ ರಾಜ್ಯದವರ ಬಾಯಲ್ಲಿದೆ. ಎದುರಾಳಿ ನಾರ್ತ್ ಡಕೋಟ. ರೋಸೊ ಎಂಬ ಗಡಿ ಊರಿನ ನೀಲ್ ಬ್ರಾಟನ್ ಆಗ ಮೊದಲ ವರ್ಷದ ವಿದ್ಯಾರ್ಥಿ. ಮುಂದಕ್ಕೆ ಬೀಳುತ್ತಾ ಬೀಳುತ್ತಾ ಪಕ್ಕನ್ನು ಗೋಲ್‌ಕೀಪರ್ ಮೇಲಿಂದ ಎತ್ತಿ ಒಳಗೆ ಹಾಕಿದ. 4-3. ಹನ್ನೊಂದು ತಿಂಗಳಲ್ಲಿ ಅದೇ ಬ್ರಾಟನ್, ಅದೇ ಬ್ರೂಕ್ಸ್ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿದ್ದರು. ಆ ಅಮೆರಿಕ ತಂಡದ 20 ಜನರಲ್ಲಿ 12 ಮಂದಿ ಮಿನ್ನೆಸೋಟಾದವರು, ನಾಲ್ವರು ಬೋಸ್ಟನ್ ವಿಶ್ವವಿದ್ಯಾಲಯದವರು. 1980ರ ಫೆಬ್ರವರಿ 22ರಂದು ಅವರು ಸೋವಿಯತ್ ತಂಡವನ್ನು 4-3ರಿಂದ ಸೋಲಿಸಿ, ಎರಡು ದಿನದಲ್ಲಿ ಚಿನ್ನ ಗೆದ್ದರು. ನಮ್ಮ ಹುಡುಗರಿಗೆ ಜಾಗ ಕೊಟ್ಟರೆ ಬೆಳೆಯುತ್ತಾರೆ ಅಂತ ಮರಿಯೂಚಿ ಹೇಳಿದ್ದರಲ್ಲ, ಅದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹಾಗಂತ ಕೆನಡಾದವರು ಬರೋದು ನಿಲ್ಲಲಿಲ್ಲ. 1984ರ ಫೈನಲ್ ಮತ್ತೆ ಲೇಕ್ ಪ್ಲಾಸಿಡ್‌ನಲ್ಲೇ. ಮಿನ್ನೆಸೋಟಾ ಡುಲೂತ್ 4-2ರಿಂದ ಮುಂದಿತ್ತು. ಎದುರಾಳಿ ಬೌಲಿಂಗ್ ಗ್ರೀನ್ ಒಂದು ಗೋಲು ತೀರಿಸಿತು. ಆಟ ಮುಗಿಯಲು ಎರಡು ನಿಮಿಷವೂ ಇಲ್ಲದಾಗ ಗೋಡೆಗೆ ಬಡಿದ ಪಕ್ ವಿಚಿತ್ರವಾಗಿ ತಿರುಗಿತು. ಅದನ್ನು ಹಿಡಿಯಲು ಡುಲೂತ್‌ನ ಗೋಲ್‌ಕೀಪರ್ ಆಗಲೇ ಹೊರಗೆ ಹೋಗಿದ್ದರು. ಖಾಲಿ ಗೋಲಿಗೆ ತಳ್ಳಿದರೆ ಸಾಕಿತ್ತು. 4-4. ಅಲ್ಲಿಂದ ನಾಲ್ಕು ಓವರ್‌ಟೈಮ್. 97 ನಿಮಿಷ 11 ಸೆಕೆಂಡಿಗೆ ಬೌಲಿಂಗ್ ಗ್ರೀನ್ ಪರ ಟೊರಾಂಟೊದ ಜೀನೊ ಕವಲ್ಲೀನಿ ಗೋಲು ಹೊಡೆದರು. ಇದಕ್ಕಿಂತ ಉದ್ದದ ಫೈನಲ್ ನಡೆದಿಲ್ಲ.

1993ರ ಮೇನ್ ತಂಡದ ಕತೆಯಲ್ಲಿ ನಿಯಮದ ಪರಿಣಾಮ ನೇರವಾಗಿ ಕಾಣುತ್ತದೆ. ವ್ಯಾಂಕೂವರ್‌ನ ಪಾಲ್ ಕರಿಯ ದೊಡ್ಡ ಜೂನಿಯರ್ ಲೀಗ್ ಬಿಟ್ಟು ಪೆಂಟಿಕ್ಟನ್ ಎಂಬ ಊರಿನ ಸಣ್ಣ ಲೀಗ್‌ನಲ್ಲಿ ಆಡಿದರು. ಕಾಲೇಜಿನ ಅರ್ಹತೆ ಉಳಿಸಿಕೊಳ್ಳಲು ಇದ್ದ ದಾರಿ ಅದೊಂದೇ. ಮೇನ್‌ಗೆ ಸೇರಿದ ಮೊದಲ ವರ್ಷವೇ 100 ಪಾಯಿಂಟ್ (ಗೋಲು ಮತ್ತು ಗೋಲಿಗೆ ಕೊಟ್ಟ ಪಾಸ್ ಸೇರಿ) ಗಳಿಸಿ ಕಾಲೇಜು ಹಾಕಿಯ ದೊಡ್ಡ ಗೌರವವಾದ ಹೋಬಿ ಬೇಕರ್ ಪ್ರಶಸ್ತಿ ಪಡೆದರು. ಫೈನಲ್‌ನ ಕೊನೆಯ ಪೀರಿಯಡ್‌ಗೆ ಬಂದಾಗ ಮೇನ್ 2-4ರಿಂದ ಹಿಂದಿತ್ತು. ಮಾಂಟ್ರಿಯಲ್‌ನ ಜಿಮ್ ಮಾಂಟ್ಗಮರಿ ಐದು ನಿಮಿಷದೊಳಗೆ ಮೂರು ಗೋಲು ಹೊಡೆದರು. ಮೂರಕ್ಕೂ ಪಾಸ್ ಕೊಟ್ಟದ್ದು ಕರಿಯ. ಮೇನ್ ಆ ವರ್ಷ 45 ಪಂದ್ಯದಲ್ಲಿ ಸೋತದ್ದು ಒಂದೇ ಒಂದು.

ಮಹಿಳೆಯರ ಟೂರ್ನಿ ಶುರುವಾದದ್ದು ತಡವಾಗಿ, 2001ರಲ್ಲಿ. ಅಲ್ಲೂ ಇದೇ ಪ್ರಶ್ನೆ, ಬೇರೆ ದೇಶಗಳ ಹೆಸರಿನಲ್ಲಿ. ಡುಲೂತ್‌ನ ಕೋಚ್ ಶಾನನ್ ಮಿಲ್ಲರ್ ಸ್ವೀಡನ್, ಫಿನ್‌ಲ್ಯಾಂಡ್‌ನಿಂದ ಆಟಗಾರ್ತಿಯರನ್ನು ಕರೆತಂದು ಮೊದಲ ಮೂರು ಪ್ರಶಸ್ತಿಯನ್ನೂ ಗೆದ್ದರು. ಅವರಲ್ಲಿ ಒಬ್ಬರಾದ ಸ್ವೀಡನ್‌ನ ಮರಿಯಾ ರೂಟ್ 2006ರ ಟ್ಯೂರಿನ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಎರಡು ಗೋಲು ಹೊಡೆದರು. ಶೂಟೌಟ್‌ನಲ್ಲೂ ಅಮೆರಿಕವನ್ನು ಮುಗಿಸಿದ್ದು ಅವರೇ. ಕಾಲೇಜು ಹಾಕಿ ಅಮೆರಿಕದ ಎದುರಾಳಿಗಳನ್ನೂ ಬೆಳೆಸುತ್ತಿತ್ತು. ಮಹಿಳೆಯರ ಹಾಕಿ ಅಮೆರಿಕ, ಕೆನಡಾ ಎಂಬ ಎರಡೇ ದೇಶಗಳ ಆಟವಾಗಿ ಉಳಿಯಬಾರದು ಅನ್ನೋರಿಗೆ ಇದು ಖುಷಿಯ ವಿಷಯ. 2013ರಲ್ಲಿ 41ಕ್ಕೆ 41 ಪಂದ್ಯ ಗೆದ್ದ ಮಿನ್ನೆಸೋಟಾದ ಗೋಲಿನಲ್ಲಿ ನಿಂತಿದ್ದೂ ಫಿನ್‌ಲ್ಯಾಂಡ್‌ನ ನೂರಾ ರಾಟಿ.

ಪುರುಷರಲ್ಲಿ ಜಗಳದ ರೂಪ 2010ರ ನಂತರ ಬದಲಾಯಿತು. ದೊಡ್ಡ ವಿಶ್ವವಿದ್ಯಾಲಯಗಳು 18ರ ಪ್ರತಿಭೆಗಳನ್ನು ಸೇರಿಸಿಕೊಳ್ಳುತ್ತವೆ. ಅವರು ಒಂದೆರಡು ವರ್ಷದಲ್ಲಿ ಎನ್‌ಎಚ್‌ಎಲ್‌ಗೆ ಹಾರುತ್ತಾರೆ. ಸಣ್ಣ ಕಾಲೇಜುಗಳು ಎರಡು ವರ್ಷ ಜೂನಿಯರ್ ಆಡಿ ಬಂದ 20ರ ಹುಡುಗರನ್ನು ತೆಗೆದುಕೊಂಡು ನಾಲ್ಕು ವರ್ಷ ಉಳಿಸಿಕೊಳ್ಳುತ್ತವೆ. 2013ರಲ್ಲಿ ಕಷ್ಟಪಟ್ಟು ಟೂರ್ನಿಗೆ ತೂರಿಕೊಂಡ ಯೇಲ್, ಅಗ್ರ ಶ್ರೇಯಾಂಕದ ನೆರೆಯ ಕಾಲೇಜು ಕ್ವಿನಿಪಿಯಾಕ್ ಅನ್ನು ಫೈನಲ್‌ನಲ್ಲಿ 4-0ಯಿಂದ ಮುಗಿಸಿತು. 2014ರಲ್ಲಿ ಸುಮಾರು 2,200 ವಿದ್ಯಾರ್ಥಿಗಳ ಯೂನಿಯನ್ ಕಾಲೇಜು ಮಿನ್ನೆಸೋಟಾವನ್ನು 7-4ರಿಂದ ಸೋಲಿಸಿತು. ಆಗ ಯೇಲ್ ಆಗಲಿ ಯೂನಿಯನ್ ಆಗಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುತ್ತಿರಲಿಲ್ಲ! 2023ರಲ್ಲಿ ಕ್ವಿನಿಪಿಯಾಕ್ ಸರದಿ. ಮತ್ತೆ ಎದುರಾಳಿ ಮಿನ್ನೆಸೋಟಾ. ಮೂರು ನಿಮಿಷಕ್ಕಿಂತ ಕಡಿಮೆ ಉಳಿದಾಗ ಗೋಲ್‌ಕೀಪರನ್ನು ಹೊರಗೆ ಕರೆದು ಒಬ್ಬ ಜಾಸ್ತಿ ಆಟಗಾರನನ್ನು ಇಳಿಸಿ ಸಮ ಮಾಡಿಕೊಂಡರು. ಓವರ್‌ಟೈಮ್ ಶುರುವಾದ 10ನೇ ಸೆಕೆಂಡಿಗೆ ಜೇಕಬ್ ಕ್ವಿಲನ್ ಗೋಲು. ಮುಗಿಯಿತು.

ಇದರ ನಡುವೆ, 2016ರಲ್ಲಿ, ಬಿಗ್ ಟೆನ್ ಒಕ್ಕೂಟದ ದೊಡ್ಡ ವಿಶ್ವವಿದ್ಯಾಲಯಗಳು ತಡವಾಗಿ ಸೇರುವವರ ವಯಸ್ಸಿಗೆ ಮಿತಿ ಹಾಕಿ ಅಂತ ಕೇಳಿದವು. ಮುಂದೆ ನಿಂತವರು ಮಿನ್ನೆಸೋಟಾ ಕೋಚ್ ಡಾನ್ ಲುಸಿಯಾ. ಮರಿಯೂಚಿಯ ಹಳೆಯ ದೂರನ್ನೇ ಅದೇ ವಿಶ್ವವಿದ್ಯಾಲಯ ಮತ್ತೆ ತಂದಿತ್ತು. ಆದರೆ ಈ ಸಲ ದೂರು ಕೊಟ್ಟವರ ಕೈಯಲ್ಲೇ ಹಣ, ಹೆಸರು, ದೊಡ್ಡ ಅಂಗಳ ಎಲ್ಲ ಇತ್ತು. ಸಣ್ಣವರಿಗೆ ಇದ್ದದ್ದು ತಾಳ್ಮೆ ಒಂದೇ. ಉಳಿದ ಬಹುತೇಕ ಕಾಲೇಜುಗಳು ಒಪ್ಪಲಿಲ್ಲ, ಸಲಹೆ ಬಿದ್ದುಹೋಯಿತು. ಬಿದ್ದದ್ದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ.

ಈಗ ಸಿಎಚ್‌ಎಲ್ ಆಟಗಾರರಿಗೆ ಕಾಲೇಜಿನ ಬಾಗಿಲು ತೆರೆದಿದೆ. ಕರಿಯ ಮಾಡಿದಂತೆ 16ನೇ ವಯಸ್ಸಿಗೇ ಒಂದು ದಾರಿ ಆರಿಸಿ ಇನ್ನೊಂದನ್ನು ಕಳೆದುಕೊಳ್ಳಬೇಕಿಲ್ಲ. ಹುಡುಗರಿಗೆ ಇದು ಖಂಡಿತ ನ್ಯಾಯ. ಆದರೆ ಜಾಗ ಹೆಚ್ಚಾಗಿಲ್ಲ. ಆಟಗಾರರಿಗೆ ನೇರವಾಗಿ ಹಣ ಕೊಡಲು ಒಪ್ಪಿದ ಕಾಲೇಜುಗಳಿಗೆ 2025ರಿಂದ ತಂಡದಲ್ಲಿ 26 ಜನರ ಮಿತಿ ಇದೆ. ಮೆಡಿಸಿನ್ ಹ್ಯಾಟ್‌ನಿಂದ ಒಬ್ಬ ಬಂದರೆ ಬೇರೆ ಯಾರೋ ಒಬ್ಬನಿಗೆ ಜಾಗ ಹೋಗುತ್ತದೆ. ಅವನು ಮಿನ್ನೆಸೋಟಾದ ಹೈಸ್ಕೂಲ್ ಹುಡುಗ ಇರಬಹುದು, ಪೆಂಟಿಕ್ಟನ್‌ನಂಥ ಸಣ್ಣ ಲೀಗ್‌ನಲ್ಲಿ ಎರಡು ವರ್ಷ ಕಾದವನೂ ಇರಬಹುದು. ಮೆಕೆನ್ನಾ ಎಷ್ಟು ಗೋಲು ಹೊಡೆಯುತ್ತಾನೆ ಅನ್ನೋದಕ್ಕಿಂತ, ಮುಂದಿನ ಹತ್ತು ವರ್ಷದಲ್ಲಿ ಇನ್ನೊಂದು ಯೂನಿಯನ್ ಕಾಲೇಜು ಫೈನಲ್ ಗೆಲ್ಲುತ್ತದಾ ಅನ್ನೋದನ್ನು ನಾನು ನೋಡುತ್ತಿರುತ್ತೇನೆ.