ಯಾವುದಕ್ಕೂ ಅಂಟದ ಅಸ್ತರು

ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಪದಾರ್ಥ ಇಟ್ಟರೆ ಕಿಲುಬುತ್ತದೆ. ಮಲೆನಾಡಿನ ಅಡುಗೆಮನೆಗೆ ಇದು ಹಳೆಯ ಪಾಠ. ಅಪ್ಪೆಮಿಡಿ ಉಪ್ಪಿನಕಾಯಿಗಂತೂ ಲೋಹದ ಸಹವಾಸವೇ ಬೇಡವೆಂದು ಭರಣಿ ಇತ್ತು. ರಾಸಾಯನಿಕ ಕಾರ್ಖಾನೆಯ ಕಷ್ಟವೂ ಇದೇ. ಅಲ್ಲಿನ ಹುಳಿ ಹೈಡ್ರೋಕ್ಲೋರಿಕ್ ಆಮ್ಲವಾದರೆ ಸ್ಟೇನ್‌ಲೆಸ್ ಸ್ಟೀಲನ್ನೂ ತಿನ್ನುತ್ತದೆ. ಪಿಂಗಾಣಿ ಆಮ್ಲಕ್ಕೆ ಜಗ್ಗದು, ಆದರೆ ಪೆಟ್ಟು ಬಿದ್ದರೆ ಒಡೆಯುತ್ತದೆ. ಹಾಗಾಗಿ ಆಮ್ಲದ ಪೈಪಿಗೆ ಜೋಡಿಸುವ ಕಬ್ಬಿಣದ ವಾಲ್ವ್‌ಗೆ ಒಳಗಡೆ ಸುಮಾರು ಮೂರು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಅಸ್ತರು ಕೊಡುತ್ತಾರೆ. ಒತ್ತಡ ತಾಳುವುದು ಕಬ್ಬಿಣದ ಪಾಲು, ಆಮ್ಲ ತಾಳುವುದು ಪ್ಲಾಸ್ಟಿಕ್‌ನ ಪಾಲು.

ಈ ಪ್ಲಾಸ್ಟಿಕ್ ದೋಸೆ ಕಾವಲಿಯ ಮೇಲಿರುವ ಟೆಫ್ಲಾನ್‌ನ ಬಳಗದ್ದು. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಅನಿಲ ತುಂಬಿದ ಸಿಲಿಂಡರನ್ನು ತೆರೆದಾಗ ಅನಿಲ ಬರಲಿಲ್ಲ. ಕೊಯ್ದು ನೋಡಿದರೆ ಒಳಗೆ ಬಿಳಿ ಪುಡಿ ಕೂತಿತ್ತು. ಅದರಲ್ಲಿ ಇಂಗಾಲದ ಸರಪಳಿಯನ್ನು ಫ್ಲೋರಿನ್ ಪರಮಾಣುಗಳು ಒತ್ತೊತ್ತಾಗಿ ಸುತ್ತುವರಿದಿವೆ. ಆಮ್ಲಕ್ಕೆ ಒಳಗೆ ಕೈಹಾಕಲು ಸಂದಿಯೇ ಇಲ್ಲ. ಆ ಮೂಲ ಟೆಫ್ಲಾನ್ 327 ಡಿಗ್ರಿಯಲ್ಲಿ ಕರಗಿದರೂ ಹರಿಯುವುದಿಲ್ಲ. ಪಿಎಫ್ಎ ಎಂಬ ಅದರ ಸೋದರ ಹರಿಯುತ್ತದೆ. ಅಚ್ಚಿನೊಳಗೆ ಒತ್ತಿ ತುಂಬಲು ಬರುವುದರಿಂದ ವಾಲ್ವ್‌ನವರಿಗೆ ಅದೇ ಪ್ರಿಯ.

ಆದರೆ ಏನೂ ಅಂಟದ ವಸ್ತು ಕಬ್ಬಿಣಕ್ಕಾದರೂ ಏಕೆ ಅಂಟೀತು? ಕಲಾಯಿಯವರು ಕಾದ ಪಾತ್ರೆಗೆ ನವಸಾಗರ ಹಾಕಿ ತಿಕ್ಕಿ, ತವರ ಸವರಿದರೆ ತವರ ಹಿತ್ತಾಳೆಯೊಡನೆ ಬೆಸೆದುಕೊಳ್ಳುತ್ತದೆ. ಪಿಎಫ್ಎ ಹಾಗೆ ಬೆಸೆಯದು. ಸಾಲದ್ದಕ್ಕೆ ಆರುವಾಗ ಕಬ್ಬಿಣಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಕುಗ್ಗುತ್ತದೆ. ಪೈಪಿನಲ್ಲಿ ನಿರ್ವಾತ ಉಂಟಾದರೆ ಹಿಡಿತವಿಲ್ಲದ ಅಸ್ತರು ಗೋಡೆ ಬಿಟ್ಟು ಒಳಕ್ಕೆ ಕುಸಿದು ದಾರಿಯನ್ನೇ ಮುಚ್ಚೀತು.

ಇದಕ್ಕೆ ಪರಿಹಾರ ಇರುವುದು ಎರಕದಲ್ಲಿ. ವಾಲ್ವ್‌ನ ಒಳಗೋಡೆಯಲ್ಲಿ ಬಾಯಿ ಕಿರಿದು, ಹೊಟ್ಟೆ ಅಗಲವಾದ ತೋಡುಗಳು ಉಳಿಯುವಂತೆಯೇ ಎರಕ ಹೊಯ್ಯುತ್ತಾರೆ. ಕರಗಿದ ಪಿಎಫ್ಎ ಅವುಗಳೊಳಗೆ ನುಗ್ಗಿ, ಒತ್ತಡದಲ್ಲೇ ನಿಧಾನವಾಗಿ ಆರಿ ಗಟ್ಟಿಯಾದ ಮೇಲೆ ಹೊರಬರಲಾರದು. ಹೊಗಳಿಕೆಯೆಲ್ಲ ಪ್ಲಾಸ್ಟಿಕ್‌ಗೆ ಸಲ್ಲುತ್ತದೆ. ನನ್ನ ಪ್ರಕಾರ ಅರ್ಧಕ್ಕಿಂತ ಹೆಚ್ಚು ಮರ್ಯಾದೆ ಸಲ್ಲಬೇಕಾದದ್ದು ಮರಳಿನ ಅಚ್ಚು ಕಟ್ಟುವ ಕೈಗಳಿಗೆ. 1923ರಿಂದ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಿದ, ಮಾಚೇನಹಳ್ಳಿಯಲ್ಲಿ ಇಂದಿಗೂ ಎರಕ ಹೊಯ್ಯುವ ನಮ್ಮ ಶಿವಮೊಗ್ಗ ಜಿಲ್ಲೆಗೆ ಈ ಕೆಲಸದ ಬೆಲೆ ಗೊತ್ತಾಗಬೇಕು.

ಎರಕದಲ್ಲಿ ಸೂಜಿಮೊನೆಯಷ್ಟು ಗಾಳಿಗುಳ್ಳೆ ಉಳಿದರೂ ಸಾಕು. ಪ್ಲಾಸ್ಟಿಕ್ ತುಂಬುವ ಮೊದಲು ಕಬ್ಬಿಣವನ್ನು ಮುನ್ನೂರು ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಗುಳ್ಳೆಯೊಳಗಿನ ಅನಿಲ ಹಿಗ್ಗಿ ಅಸ್ತರಿನಲ್ಲಿ ಬೊಬ್ಬೆ ಏಳಿಸುತ್ತದೆ. ಮಳೆಗಾಲದ ಮಲೆನಾಡಿನ ತೇವಗಾಳಿ ಇನ್ನೊಂದು ಕಾಟ. ಶಾಟ್ ಬ್ಲಾಸ್ಟಿಂಗ್ ಮಾಡಿದ, ಅಂದರೆ ಲೋಹದ ಸಣ್ಣ ಗುಂಡುಗಳನ್ನು ರಭಸದಿಂದ ಹೊಡೆದು ಶುಚಿ ಮಾಡಿದ ಬೆಳ್ಳನೆಯ ಕಬ್ಬಿಣವನ್ನು ಬೆಳಿಗ್ಗೆ ಹೊರಗಿಟ್ಟರೆ ಸಂಜೆಯೊಳಗೆ ಕೆಂಪು ತುಕ್ಕಿನ ಮಬ್ಬು ಕವಿದಿರುತ್ತದೆ.

ಕೊನೆಗೆ ಕಿಡಿ ಪರೀಕ್ಷೆ. ಕಬ್ಬಿಣವನ್ನು ಭೂಮಿಗೆ ಜೋಡಿಸಿ, ಸಾವಿರಾರು ವೋಲ್ಟ್ ಕೊಟ್ಟ ತಂತಿ ಕುಂಚವನ್ನು ಒಣಗಿದ ಅಸ್ತರಿನ ಮೇಲೆ ಮೆಲ್ಲಗೆ ಆಡಿಸುತ್ತಾರೆ. ಕಣ್ಣಿಗೆ ಕಾಣದ ತೂತಿದ್ದರೂ ಅಲ್ಲಿಂದ ಚಟ್ಟನೆ ನೀಲಿ ಕಿಡಿ ಕಬ್ಬಿಣಕ್ಕೆ ಹಾರುತ್ತದೆ. ಕಿಡಿ ಹಾರಿದ ಜಾಗಕ್ಕೆ ಗುರುತು ಹಾಕಿ, ವಾಲ್ವನ್ನು ಪಕ್ಕಕ್ಕಿಡುತ್ತಾರೆ.