ಕಟ್ಟೆಯ ಮಟ್ಟ ನೋಡುವ ನಮಗೆ ಪ್ರಲಾಪಗಳು ಮೂರನೇ ಅಧ್ಯಾಯ

2023ರಲ್ಲಿ ಮಳೆ ಕೈಕೊಟ್ಟಿತು. ಆಗ ಮಂಡ್ಯದಲ್ಲಿ ಬೆಳಗಾದರೆ ಒಂದೇ ಮಾತು: "ಕಟ್ಟೆ ಎಷ್ಟಿದೆ ಇವತ್ತು?" ಕನ್ನಂಬಾಡಿ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಪೇಪರ್ ಬಿಡಿಸಿದವರ ಕಣ್ಣು ಮೊದಲು ಹೋಗುತ್ತಿದ್ದದ್ದು ಆ ದಿನದ ಅಂಕಿಯ ಕಡೆಗೇ. ಒಂದು ಬುಧವಾರ, ಮನೆಯಲ್ಲಿ ಪ್ರಾರ್ಥನೆಗೆ ಸೇರುವ ನಮ್ಮ ಮನೆಕೂಟದಲ್ಲಿ, ಕಬ್ಬು ಒಣಗುತ್ತಿದ್ದ ಒಬ್ಬ ಅಮ್ಮ ಕೇಳಿದರು: "ಅಯ್ಯನೋರೇ, ದೇವರ ಪ್ರೀತಿ ಕೈಬಿಡಲ್ಲ ಅಂತೀರಲ್ಲ. ನಾಲೇಲಿ ನೀರೇ ಇಲ್ಲ. ನಾನು ಏನಂತ ನಂಬಲಿ?"

ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ತಕ್ಷಣ ಉತ್ತರ ಕೊಡಲಿಲ್ಲ. ಸತ್ಯವೇದದ (ಬೈಬಲಿನ) ಪ್ರಲಾಪಗಳು ಪುಸ್ತಕದ ಮೂರನೇ ಅಧ್ಯಾಯ ತೆಗೆಯಲು ಹೇಳಿದರು. ಅಂದಿನಿಂದ ನಾನು ಬರೆದುಕೊಂಡದ್ದು, ಆಮೇಲೆ ಓದಿ ತಿಳಿದದ್ದು ಎರಡನ್ನೂ ಸೇರಿಸಿ ಈ ಟಿಪ್ಪಣಿ ಮಾಡಿದ್ದೇನೆ. ಸತ್ಯವೇದವನ್ನು ಪಕ್ಕದಲ್ಲಿ ಇಟ್ಟುಕೊಂಡೇ ಓದಿ.

ಮೊದಲು ಹಿನ್ನೆಲೆ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರನ ಸೈನ್ಯ ಯೆರೂಸಲೇಮನ್ನು ಮುತ್ತಿ, ಹಸಿವಿನಿಂದ ಬಳಲಿಸಿ, ಕೊನೆಗೆ ದೇವಾಲಯವನ್ನೇ ಸುಟ್ಟಿತು. ಆ ಬೂದಿಯ ನಡುವೆ ಹುಟ್ಟಿದ ಐದು ಪದ್ಯಗಳೇ ಪ್ರಲಾಪಗಳು. ಬರೆದವನು ಪ್ರವಾದಿ ಯೆರೆಮೀಯ ಎಂಬುದು ಹಳೆಯ ನಂಬಿಕೆ. ಪುಸ್ತಕದೊಳಗೆ ಮಾತ್ರ ಯಾರ ಹೆಸರೂ ಇಲ್ಲ.

ಈಗ ರಚನೆ ನೋಡಿ, ಇದು ತುಂಬ ಮುಖ್ಯ. ಹೀಬ್ರೂ ಭಾಷೆಗೆ 22 ಅಕ್ಷರಗಳು. ಮೊದಲ ನಾಲ್ಕು ಪದ್ಯಗಳನ್ನು ಆ ಅಕ್ಷರಗಳ ಕ್ರಮದಲ್ಲೇ ಕಟ್ಟಿದ್ದಾರೆ. ಮೂರನೆಯದರಲ್ಲಿ ಒಂದೊಂದು ಅಕ್ಷರಕ್ಕೂ ಮೂರು ಮೂರು ವಚನ, ಒಟ್ಟು 66. ಎದೆ ಒಡೆದಿರುವಾಗ ಇಷ್ಟು ಲೆಕ್ಕ ಹಾಕಿ ಯಾಕೆ ಬರೆಯಬೇಕು? ನನಗೆ ಅನ್ನಿಸುವುದು ಹೀಗೆ: ಅಳುವವನಿಗೂ ಹಿಡಿದುಕೊಳ್ಳಲು ಒಂದು ಗೋಡೆ ಬೇಕು. ಅಕ್ಷರಮಾಲೆ ಅವನಿಗೆ ಆ ಗೋಡೆಯಾಯಿತು.

18ನೇ ವಚನದಲ್ಲಿ ಕವಿ, ಯೆಹೋವನ ಮೇಲಿನ ನನ್ನ ನಿರೀಕ್ಷೆಯೂ ಹೋಯಿತು ಎನ್ನುತ್ತಾನೆ. 21ರಲ್ಲಿ ಒಂದು ಮಾತನ್ನು ಬೇಕೆಂದೇ ನೆನಪಿಗೆ ತಂದುಕೊಳ್ಳುತ್ತಾನೆ. ಈ ನಡುವೆ ಊರಿನ ಪರಿಸ್ಥಿತಿ ಒಂದಿಷ್ಟೂ ಬದಲಾಗಿಲ್ಲ. ಸುಟ್ಟದ್ದು ಸುಟ್ಟೇ ಇದೆ. ಅವನು ನೆನಪಿಗೆ ತಂದುಕೊಂಡ ಮಾತು ಇರುವುದು 22ರಿಂದ 24ರವರೆಗೆ. ಈ ಮೂರು ವಚನಗಳು ಎಂಟನೇ ಅಕ್ಷರ 'ಹೇತ್'ನವು. ಮೂರೂ ಅದೇ ಅಕ್ಷರದಿಂದ ಶುರುವಾಗುತ್ತವೆ: ಹಸ್ದೇ, ಹದಾಶೀಮ್, ಹೆಲ್ಕೀ. ಅಂದರೆ ಕೃಪೆಗಳು, ಹೊಸತಾದವು, ನನ್ನ ಪಾಲು.

ಮೊದಲ ಪದದ ಮೂಲ 'ಹೆಸೆದ್'. ನಮ್ಮ ಸತ್ಯವೇದದಲ್ಲಿ ಇದು ಹೆಚ್ಚಾಗಿ 'ಕೃಪೆ' ಎಂದು ಬಂದಿದೆ. ಹೊಸ ಒಡಂಬಡಿಕೆಯ ಗ್ರೀಕ್ ಪದಕ್ಕೂ 'ಕೃಪೆ' ಎಂದೇ ಹಾಕಿರುವುದರಿಂದ ನಮಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೆಸೆದ್ ಎಂದರೆ ಸುಮ್ನೆ ಕನಿಕರ ಪಡುವುದಲ್ಲ. ಅದು ಕೊಟ್ಟ ಮಾತಿಗೆ ಕಟ್ಟುಬಿದ್ದ ಪ್ರೀತಿ. ಒಂದು ಕಥೆಯಿಂದ ಇದು ಸುಲಭವಾಗಿ ಅರ್ಥವಾಗುತ್ತದೆ. ದಾವೀದನೂ ಯೋನಾತಾನನೂ ಸ್ನೇಹದ ಒಡಂಬಡಿಕೆ ಮಾಡಿಕೊಂಡಿದ್ದರು. ಯೋನಾತಾನ ಯುದ್ಧದಲ್ಲಿ ಸತ್ತ. ವರ್ಷಗಳಾದ ಮೇಲೆ ದಾವೀದ ಅರಸನಾಗಿ, ಆ ಮನೆಯವರು ಯಾರಾದರೂ ಉಳಿದಿದ್ದಾರಾ ಎಂದು ತಾನಾಗಿಯೇ ಹುಡುಕಿಸಿದ. ಯೋನಾತಾನನ ಮಗ, ಎರಡೂ ಕಾಲು ಕುಂಟಾದ ಮೆಫೀಬೋಶೆತ ಸಿಕ್ಕ. ಅಜ್ಜನ ಜಮೀನನ್ನೆಲ್ಲ ಅವನಿಗೆ ವಾಪಸ್ ಕೊಟ್ಟು, ಪ್ರತಿದಿನ ತನ್ನ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿಕೊಂಡ (2 ಸಮುವೇಲ 9). ಕೇಳುವವರು ಯಾರೂ ಇರಲಿಲ್ಲ, ಅಲ್ವಾ? ಆದರೂ ಮಾತು ಉಳಿಯಿತು. ಆ ಅಧ್ಯಾಯದಲ್ಲಿ ಬರುವ ಪದ ಇದೇ ಹೆಸೆದ್.

23ನೇ ವಚನ, ಪ್ರತಿ ಬೆಳಿಗ್ಗೆ ಹೊಸತು ಎನ್ನುವುದು, ಇಸ್ರಾಯೇಲರಿಗೆ ಅರಣ್ಯದಲ್ಲಿ ದೇವರು ದಿನದಿನವೂ ಕೊಟ್ಟ ಆಹಾರವಾದ ಮನ್ನವನ್ನು ನೆನಪಿಸುತ್ತದೆ. ಅದನ್ನು ನಾಳೆಗೆ ಕೂಡಿಡುವ ಹಾಗಿರಲಿಲ್ಲ. ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿಯ ದಿನದ, ಹಿಂದಿನ ದಿನ ಮಾತ್ರ ಎರಡು ದಿನಕ್ಕಾಗುವಷ್ಟು.

ಮೂರನೇ ಪದ 'ಪಾಲು'. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಲು ಎಂದರೆ ಪಹಣಿ, ಸರ್ವೆ ನಂಬರು, ಹಿಸ್ಸೆ, ಅಣ್ಣತಮ್ಮಂದಿರ ನಡುವಿನ ಬದು. ಹೀಬ್ರೂವಿನಲ್ಲೂ 'ಹೇಲೆಕ್' ಎಂದರೆ ಹಂಚಿಕೆಯಲ್ಲಿ ಬಂದ ಭಾಗ, ಜಮೀನಿಗೂ ಅದೇ ಮಾತು. ಕಾನಾನ್ ದೇಶವನ್ನು ಕುಲಗಳಿಗೆ ಹಂಚಿದಾಗ, ದೇವಸೇವೆಗೆ ಮೀಸಲಾದ ಕುಲವಾದ ಲೇವಿಯರಿಗೆ ಕುಲದ ಸ್ವಾಸ್ತ್ಯ (ಪಿತ್ರಾರ್ಜಿತ ಜಮೀನು) ಕೊಡಲಿಲ್ಲ. ವಾಸಕ್ಕೆ ಊರುಗಳು, ದನ ಮೇಯಿಸಲು ಹುಲ್ಲುಗಾವಲು, ಅಷ್ಟೇ. ನಾನೇ ನಿನ್ನ ಪಾಲು ಎಂದು ಯೆಹೋವನು ಆ ಕುಲದ ಯಾಜಕ ಆರೋನನಿಗೆ ಹೇಳಿದ್ದು ಅರಣ್ಯಕಾಂಡ 18:20ರಲ್ಲಿದೆ. ಈಗ ಕವಿ ಅದೇ ಮಾತನ್ನು ಎತ್ತಿಕೊಂಡಿದ್ದಾನೆ. ಊರು ಹೋಗಿದೆ, ಹೊಲ ಪರರ ಕೈ ಸೇರಿದೆ, ಕೈಯಲ್ಲಿ ಏನೂ ಇಲ್ಲ. ಆಗ ಅವನು ಹೇಳುತ್ತಾನೆ: ಯೆಹೋವನೇ ನನ್ನ ಪಾಲು.

ಇಲ್ಲಿ ಅವಸರ ಮಾಡಬಾರದು. ಲೇವಿಯರ ಊಟ ನಡೆಯುತ್ತಿದ್ದದ್ದು ಉಳಿದ ಕುಲಗಳು ಕೊಡುವ ದಶಮಾಂಶದಿಂದ, ಅಂದರೆ ಹತ್ತರಲ್ಲೊಂದು ಭಾಗದಿಂದ. ಮಳೆ ಹೋದರೆ ಬೆಳೆ ಇಲ್ಲ, ಬೆಳೆ ಇಲ್ಲದಿದ್ದರೆ ದಶಮಾಂಶವೂ ಇಲ್ಲ. ದೇವರೇ ಪಾಲಾಗಿದ್ದವರಿಗೂ ಬರ ತಟ್ಟುತ್ತಿತ್ತು. ಹಾಗಾಗಿ "ನಂಬಿದರೆ ಕಷ್ಟ ಬರಲ್ಲ" ಎಂದು ಯಾರಾದರೂ ಈ ವಚನದಿಂದ ಹೇಳಿದರೆ ಒಪ್ಪಬೇಡಿ. ಕವಿಯೇ 49ನೇ ವಚನದಲ್ಲಿ ಮತ್ತೆ ಅಳುತ್ತಾನೆ. 54ರಲ್ಲಿ ನೀರು ತಲೆ ಮೀರಿ ಹರಿಯಿತು ಎನ್ನುತ್ತಾನೆ. ಪುಸ್ತಕ ಮುಗಿಯುವುದೂ, ನೀನು ನಮ್ಮನ್ನು ಪೂರ್ತಿ ತಳ್ಳಿಬಿಟ್ಟೆಯೋ ಎಂಬ ಅಳಲಿನಲ್ಲೇ. ನನಗೆ ಇದೇ ದೊಡ್ಡ ಧೈರ್ಯ. ಭರವಸೆ ಇಟ್ಟ ಮೇಲೂ ಅಳುವವನನ್ನು ಅಪನಂಬಿಕೆಯವನು ಎಂದು ಸತ್ಯವೇದ ಆಚೆಗೆ ಹಾಕಲಿಲ್ಲ. ಅವನ ಅಳುವನ್ನೂ ತನ್ನೊಳಗೇ ಇಟ್ಟುಕೊಂಡಿತು.

ಇನ್ನೊಂದು ಪದ ಉಳಿದಿದೆ. 23ರ ಕೊನೆಯಲ್ಲಿ, ನಿನ್ನ ನಂಬಿಗಸ್ತಿಕೆ ದೊಡ್ಡದು ಎಂಬಲ್ಲಿ ಇರುವುದು 'ಎಮೂನಾ'. ನಾವು ಪ್ರಾರ್ಥನೆಯ ಕೊನೆಗೆ ಹೇಳುವ 'ಆಮೆನ್' ಕೂಡ ಅದೇ ಬೇರಿನದು. ವಿಮೋಚನಕಾಂಡ 17:12ರಲ್ಲಿ 'ಎಮೂನಾ' ಬಂದಿರುವುದು ಕೈಗಳ ವಿಷಯಕ್ಕೆ. ಯುದ್ಧ ನಡೆಯುವಾಗ ಮೇಲೆತ್ತಿದ್ದ ಮೋಶೆಯ ಕೈ ಸೋತಾಗ ಆರೋನನೂ ಹೂರನೂ ಆಚೆ ಈಚೆ ನಿಂತು ಎತ್ತಿ ಹಿಡಿದರು. ಹೊತ್ತು ಮುಳುಗುವ ತನಕ ಆ ಕೈಗಳು 'ಎಮೂನಾ' ಆಗಿದ್ದವು, ಅಂದರೆ ಕದಲದೆ ನಿಂತವು.

ಇದನ್ನು ಓದಿದ ಮೇಲೆ ನಮ್ಮ ಕೂಟದವರು ಆ ಅಮ್ಮನಿಗೆ ಬುದ್ಧಿ ಹೇಳುವುದನ್ನು ಬಿಟ್ಟರು. ಸರದಿಯ ಮೇಲೆ ಅವರ ಮನೆಗೆ ಅಕ್ಕಿ ತಲುಪಿಸಿದರು, ಹೋದಾಗಲೆಲ್ಲ ಜೊತೆಗೆ ಕೂತು ಪ್ರಾರ್ಥನೆ ಮಾಡಿದರು. ಆ ಸಲ ಕಬ್ಬು ಉಳಿಯಲಿಲ್ಲ. 2024ರ ಜುಲೈನಲ್ಲಿ ಕಟ್ಟೆ ತುಂಬಿದ ವಾರ ಅವರು ಕೂಟಕ್ಕೆ ಬಂದು, ತಮ್ಮ ಸತ್ಯವೇದದಲ್ಲಿ 24ನೇ ವಚನದ ಕೆಳಗೆ ಹೋದ ವರ್ಷವೇ ಎಳೆದಿದ್ದ ಪೆನ್ಸಿಲ್ ಗೆರೆಯನ್ನು ನನಗೆ ತೋರಿಸಿದರು.